ರಕ್ತನಾಳದ ಮರೆವಿಗೆ ಕೊಲೆಸ್ಟರಾಲ್ ಮಾತ್ರೆ ಮದ್ದಾದೀತೇ?

ಮೆದುಳಿಗೆ ರಕ್ತ ಒಯ್ಯುವ ನಾಳಗಳು ಕಟ್ಟಿಕೊಂಡರೆ, ಸಣ್ಣಗಾದರೆ ಅಥವಾ ಒಡೆದರೆ ಆ ಭಾಗದ ಜೀವಕೋಶಗಳು ಸಾಯುತ್ತವೆ. ಹೀಗೆ ಸತ್ತ ಭಾಗಗಳು ಒಂದೊಂದಾಗಿ ಕೂಡಿ, ಮನುಷ್ಯ ತನ್ನ ನಿತ್ಯದ ವ್ಯವಹಾರ ತಾನೇ ನಿಭಾಯಿಸಲಾರದಷ್ಟು ಬುದ್ಧಿ ಕುಂದಿದಾಗ ಅದಕ್ಕೆ ವೈದ್ಯರು ವ್ಯಾಸ್ಕುಲರ್ ಡಿಮೆನ್ಷಿಯಾ ಎನ್ನುತ್ತಾರೆ. ಡಿಮೆನ್ಷಿಯಾಗಳಲ್ಲಿ ಆಲ್‌ಝೈಮರ್ಸ್‌ ನಂತರ ಹೆಚ್ಚಾಗಿ ಕಾಣುವುದು ಇದೇ. ವಯಸ್ಸಾದವರಲ್ಲಿ ಎಷ್ಟೋ ಸಲ ಎರಡೂ ಒಟ್ಟಿಗೇ ಇರುತ್ತವೆ. ಸತ್ತ ಕೋಶಗಳನ್ನು ಮರಳಿ ತರುವ ಔಷಧ ಇಲ್ಲ. ಆದರೆ ನಾಳ ಕೆಡುವುದಕ್ಕೆ ಕೊಲೆಸ್ಟರಾಲ್ ಒಂದು ಕಾರಣವೆಂದ ಮೇಲೆ, ಅದನ್ನು ಇಳಿಸುವ ಸ್ಟಾಟಿನ್ ಮಾತ್ರೆಗಳು ಈ ಮರೆವಿಗೂ ಮದ್ದಾಗಬಹುದಲ್ಲ ಎಂಬ ಆಸೆ ಸಹಜವಾಗಿಯೇ ಹುಟ್ಟಿತು. ಕಾಲು ಶತಮಾನದಿಂದ ವಿಜ್ಞಾನಿಗಳು ಈ ಆಸೆಯ ಬೆನ್ನು ಹತ್ತಿದ್ದಾರೆ.

ಈ ಕಾಯಿಲೆ ಹೆಸರು ಮರೆಯುವುದರಿಂದಲೇ ಶುರುವಾಗಬೇಕೆಂದಿಲ್ಲ. ದಾವಣಗೆರೆ ಜಿಲ್ಲೆಯ ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರನೊಬ್ಬನನ್ನು ಊಹಿಸಿಕೊಳ್ಳಬಹುದು. ಗೊನೆ ಕೊಯ್ಲು, ಸುಲಿಸುವುದು, ಹಂಡೆಗೆ ಚೊಗರು ಹಾಕಿ ಬೇಯಿಸುವುದು, ಹದ ನೋಡಿ ತೆಗೆಯುವುದು, ಬಿಸಿಲಿಗೆ ಹರಡುವುದು, ಕೊನೆಗೆ ರಾಶಿ, ಬೆಟ್ಟೆ, ಗೊರಬಲು ಎಂದು ಬೇರ್ಪಡಿಸುವುದು, ಇಷ್ಟನ್ನೂ ನಲವತ್ತು ವರ್ಷ ಕಣ್ಣುಮುಚ್ಚಿ ಮಾಡಿದವನು ಆತ. ಈಗ ಮಕ್ಕಳ ಹೆಸರು ಗೊತ್ತು, ಮನೆ ದಾರಿ ಗೊತ್ತು, ಹಳೆಯ ಕ್ವಿಂಟಾಲ್ ದರವೂ ನಾಲಿಗೆ ತುದಿಯಲ್ಲಿದೆ. ಆದರೆ ಯಾವುದಾದ ಮೇಲೆ ಯಾವುದು ಎಂಬ ಸರದಿ ಕೈತಪ್ಪಿದೆ. ಒಲೆ ಹೊತ್ತಿಸಿ ಅಡಿಕೆ ಹಾಕುವುದನ್ನೇ ಬಿಡುತ್ತಾನೆ. ಕೂಲಿಯವರಿಗೆ ಎರಡು ಸಲ ಹಣ ಕೊಡುತ್ತಾನೆ, ಖೇಣಿದಾರನ ಜೊತೆ ಲೆಕ್ಕಕ್ಕೆ ಕುಳಿತರೆ ಅರ್ಧಕ್ಕೇ ಸುಸ್ತಾಗಿ ಏಳುತ್ತಾನೆ. ಯೋಜಿಸುವ, ಅನುಕ್ರಮ ಹಿಡಿಯುವ, ಚುರುಕಾಗಿ ನಿರ್ಧರಿಸುವ ಶಕ್ತಿ ಮೊದಲು ಕುಗ್ಗುವುದು, ಅದರ ಜೊತೆಗೆ ನಡಿಗೆ ನಿಧಾನವಾಗುವುದು, ಮೂತ್ರ ತಡೆಯಲಾಗದಿರುವುದು, ಕಾರಣವಿಲ್ಲದೆ ಅಳು ಬರುವುದು, ಇವು ಮೆದುಳಿನ ಒಳಭಾಗದ ರಕ್ತನಾಳಗಳು ಹಾಳಾದಾಗ ಕಾಣುವ ಗುರುತುಗಳು. ಅರವತ್ತಕ್ಕೆ ಅರಳು ಮರಳು ಎಂದು ಮನೆಯವರು ಸುಮ್ಮನಾಗುವುದೇ ಹೆಚ್ಚು.

ಇನ್ನೊಂದು ಬಗೆಯಲ್ಲಿ ಕುಸಿತ ಮೆಟ್ಟಿಲಿಳಿದಂತೆ ಆಗುತ್ತದೆ. ಒಂದು ಲಕ್ವ (ಸ್ಟ್ರೋಕ್) ಹೊಡೆಯುತ್ತದೆ, ಬುದ್ಧಿ ಒಂದು ಹಂತ ಇಳಿಯುತ್ತದೆ. ಕೆಲವು ತಿಂಗಳು ಹಾಗೆಯೇ ನಿಂತಿರುತ್ತದೆ. ಮತ್ತೊಂದು ಲಕ್ವದೊಂದಿಗೆ ಇನ್ನೂ ಒಂದು ಹಂತ. 1974ರಲ್ಲಿ ನರವೈದ್ಯ ವ್ಲಾಡಿಮಿರ್ ಹಚಿನ್‌ಸ್ಕಿ ಮತ್ತು ಸಂಗಡಿಗರು ಇದನ್ನು ಬಹು ಇನ್‌ಫಾರ್ಕ್ಟ್‌ (ರಕ್ತ ಸಿಗದೆ ಸತ್ತ ಹಲವು ಭಾಗಗಳ) ಡಿಮೆನ್ಷಿಯಾ ಎಂದು ವಿವರಿಸಿದರು. ಮೆದುಳಿನ ನಾಳಗಳೆಲ್ಲ ನಿಧಾನವಾಗಿ ಪೆಡಸಾಗಿ ರಕ್ತದ ಹರಿವು ಕಡಿಮೆಯಾಗುವುದರಿಂದಲೇ ಮುಪ್ಪಿನ ಮರೆವು ಬರುತ್ತದೆ ಎಂಬ ಹಳೆಯ ನಂಬಿಕೆಯನ್ನು ಅವರು ಪಕ್ಕಕ್ಕೆ ಸರಿಸಿದರು. ಕೆಡಿಸುವುದು ಬಿಡಿಬಿಡಿಯಾದ ಸಣ್ಣ ದೊಡ್ಡ ಲಕ್ವಗಳು, ಆದ್ದರಿಂದ ತಡೆಯಬೇಕಾದದ್ದೂ ಅವನ್ನೇ ಎಂಬುದು ಅವರ ವಾದ. ಸ್ಟಾಟಿನ್ ವಿಚಾರದಲ್ಲಿ ಈ ಮಾತು ಮುಖ್ಯವಾಗುತ್ತದೆ.

ಮೆದುಳಿನ ರಕ್ತನಾಳಗಳಲ್ಲಿ ಎರಡು ದರ್ಜೆಗಳಿವೆ. ಹೊನ್ನಾಳಿ, ಚನ್ನಗಿರಿ ಭಾಗದ ಭದ್ರಾ ಅಚ್ಚುಕಟ್ಟಿನ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮುಖ್ಯ ನಾಲೆಗೆ ಬರುವ ತೊಂದರೆಯೇ ಬೇರೆ, ಕೊನೆಯ ಹೊಲಕ್ಕೆ ನೀರು ತಲುಪಿಸುವ ಕಿರುಗಾಲುವೆಯ ತೊಂದರೆಯೇ ಬೇರೆ. ಕುತ್ತಿಗೆಯ ಕೆರೋಟಿಡ್ ಮತ್ತು ಮೆದುಳಿನ ಬುಡದ ದೊಡ್ಡ ಅಪಧಮನಿಗಳ ಒಳಗೋಡೆಯಲ್ಲಿ ಕೆಟ್ಟ ಕೊಲೆಸ್ಟರಾಲ್ ಎನ್ನುವ ಎಲ್‌ಡಿಎಲ್ ಸೇರಿ ಗಡ್ಡೆಗಟ್ಟುತ್ತದೆ. ಅದು ಬಿರುಕುಬಿಟ್ಟರೆ ಮೇಲೆ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚುತ್ತದೆ. ತಲೆಬುರುಡೆಯೊಳಗಿನ ದೊಡ್ಡ ನಾಳಗಳು ಹೀಗೆ ಸಣ್ಣಗಾಗುವುದು ಭಾರತವೂ ಸೇರಿ ಏಷ್ಯಾದವರಲ್ಲಿ ಹೆಚ್ಚು. ಮೆದುಳಿನ ಆಳಕ್ಕಿಳಿಯುವ ಕೂದಲೆಳೆಯಂಥ ನಾಳಗಳದ್ದು ಬೇರೆ ಕತೆ. ಅವುಗಳ ಗೋಡೆ ದಪ್ಪವಾಗಿ ಗಡಸಾಗಲು ಮುಖ್ಯ ಕಾರಣ ವರ್ಷಗಟ್ಟಲೆ ಹತೋಟಿ ಮೀರಿದ ರಕ್ತದೊತ್ತಡ. ಶುಗರ್, ತಂಬಾಕು ಮತ್ತು ವಯಸ್ಸು ಅದಕ್ಕೆ ಕೈಜೋಡಿಸುತ್ತವೆ. ಇಲ್ಲಿ ಕೊಲೆಸ್ಟರಾಲ್‌ನ ಪಾತ್ರ ಅಷ್ಟು ದೊಡ್ಡದಲ್ಲ. ಎಂಆರ್‌ಐ ಚಿತ್ರದಲ್ಲಿ ಬಿಳಿ ಮಚ್ಚೆಗಳಾಗಿ ಕಾಣುವ ಈ ಸಣ್ಣ ನಾಳಗಳ ಕಾಯಿಲೆಯೇ ರಕ್ತನಾಳ ಮೂಲದ ಡಿಮೆನ್ಷಿಯಾದ ಬಹುಪಾಲಿಗೆ ಹಿನ್ನೆಲೆ. ಸ್ಟಾಟಿನ್ ಚೆನ್ನಾಗಿ ಕೆಲಸ ಮಾಡುವುದು ಮೊದಲ ದರ್ಜೆಯ ನಾಳಗಳ ಮೇಲೆ. ಅದರ ಮಿತಿಯೂ ಇದೇ.

ಸ್ಟಾಟಿನ್ ಹುಟ್ಟಿದ್ದು ಬೂಷ್ಟಿನಿಂದ. ಜಪಾನಿನ ಅಕಿರಾ ಎಂಡೋ ಸಾಂಕ್ಯೋ ಕಂಪನಿಯಲ್ಲಿದ್ದಾಗ ಸುಮಾರು ಆರು ಸಾವಿರ ಬಗೆಯ ಶಿಲೀಂಧ್ರಗಳನ್ನು ಜಾಲಾಡಿ, ಅಕ್ಕಿಯ ಮೇಲೆ ಬೆಳೆದ ನೀಲಿಹಸಿರು ಬೂಷ್ಟೊಂದರಿಂದ 1973ರಲ್ಲಿ ಕಾಂಪ್ಯಾಕ್ಟಿನ್ ಎಂಬ ವಸ್ತುವನ್ನು ಪಡೆದರು. ರೈತ ಕುಟುಂಬದಿಂದ ಬಂದ ಎಂಡೋ 2024ರಲ್ಲಿ ತೊಂಬತ್ತರ ವಯಸ್ಸಿನಲ್ಲಿ ತೀರಿಕೊಂಡರು. ಕೋಟ್ಯಂತರ ಜನ ನುಂಗುವ ಮಾತ್ರೆಗೆ ದಾರಿ ತೋರಿದ ಮನುಷ್ಯನಿಗೆ ನೊಬೆಲ್ ಬರಲಿಲ್ಲ ಎಂಬುದು ವೈದ್ಯಲೋಕದ ಹಳೆಯ ಕೊರಗು. ಮಾರುಕಟ್ಟೆಗೆ ಬಂದ ಮೊದಲ ಸ್ಟಾಟಿನ್, ಲೊವಸ್ಟಾಟಿನ್, ಅಮೆರಿಕದಲ್ಲಿ 1987ರಲ್ಲಿ ಅನುಮತಿ ಪಡೆಯಿತು. ನಮ್ಮಲ್ಲಿ ಈಗ ಹೆಚ್ಚಾಗಿ ಬರೆಯುವುದು ಅಟೊರ್ವಸ್ಟಾಟಿನ್ ಮತ್ತು ರೊಸುವಸ್ಟಾಟಿನ್. ಕೊಲೆಸ್ಟರಾಲ್ ತಯಾರಿಸಲು ಯಕೃತ್ತಿಗೆ ಬೇಕಾದ ಕಿಣ್ವವೊಂದನ್ನು ಇವು ಅಡ್ಡಗಟ್ಟುತ್ತವೆ. ಒಳಗೆ ಕೊರತೆಯಾದಾಗ ಯಕೃತ್ತು ರಕ್ತದಲ್ಲಿ ತೇಲುವ ಎಲ್‌ಡಿಎಲ್ ಅನ್ನು ಸೆಳೆದುಕೊಳ್ಳುತ್ತದೆ, ರಕ್ತದಲ್ಲಿ ಅದರ ಮಟ್ಟ ಇಳಿಯುತ್ತದೆ. ಇದರ ಜೊತೆಗೆ ನಾಳದ ಒಳಪದರದ ಉರಿಯೂತ ತಗ್ಗುತ್ತದೆ, ಕೊಬ್ಬಿನ ಗಡ್ಡೆ ಬಿರುಕು ಬಿಡದಂತೆ ಗಟ್ಟಿಯಾಗುತ್ತದೆ.

ಲಕ್ವ ಮರುಕಳಿಸದಂತೆ ತಡೆಯುವಲ್ಲಿ ಈ ಮಾತ್ರೆಯ ಬಗ್ಗೆ ಅನುಮಾನ ಉಳಿದಿಲ್ಲ. 2006ರಲ್ಲಿ ಪ್ರಕಟವಾದ ಸ್ಪಾರ್ಕಲ್ ಎಂಬ ಪ್ರಯೋಗದಲ್ಲಿ, ಲಕ್ವ ಅಥವಾ ಅದರ ಮುನ್ಸೂಚನೆ ಕಂಡಿದ್ದ 4,731 ಜನರಲ್ಲಿ ಅರ್ಧದಷ್ಟು ಮಂದಿಗೆ ದಿನಕ್ಕೆ 80 ಮಿಲಿಗ್ರಾಂ ಅಟೊರ್ವಸ್ಟಾಟಿನ್, ಉಳಿದವರಿಗೆ ಹುಸಿಮಾತ್ರೆ ಕೊಡಲಾಯಿತು. ಐದು ವರ್ಷಗಳಲ್ಲಿ ಹುಸಿಮಾತ್ರೆಯವರಲ್ಲಿ ಶೇ 13.1 ಜನರಿಗೆ ಮತ್ತೆ ಲಕ್ವ ಹೊಡೆಯಿತು, ಔಷಧ ತೆಗೆದುಕೊಂಡವರಲ್ಲಿ ಶೇ 11.2 ಜನರಿಗೆ. ಮೆದುಳಿನಲ್ಲಿ ರಕ್ತಸ್ರಾವವಾಗುವ ಬಗೆಯ ಲಕ್ವ ಮಾತ್ರ ಔಷಧದವರಲ್ಲೇ ತುಸು ಹೆಚ್ಚಿತ್ತು. ನಾಳ ಒಡೆದು ಲಕ್ವವಾದವರಿಗೆ ವೈದ್ಯರು ಸ್ಟಾಟಿನ್ ಬರೆಯುವ ಮುನ್ನ ಹಿಂದೆಮುಂದೆ ನೋಡುವುದು ಇದಕ್ಕೇ. ಕೊಬ್ಬಿನ ಗಡ್ಡೆಯಿಂದ ನಾಳ ಕಟ್ಟಿ ಲಕ್ವವಾದವರಲ್ಲಿ ಎಲ್‌ಡಿಎಲ್ ಅನ್ನು 70ರ ಕೆಳಗೆ ಇಳಿಸುವುದು, 90 ಮತ್ತು 110ರ ನಡುವೆ ಇಡುವುದಕ್ಕಿಂತ ಮೇಲು ಎಂದು ಫ್ರಾನ್ಸ್ ಮತ್ತು ದಕ್ಷಿಣ ಕೊರಿಯಾದಲ್ಲಿ ನಡೆದ ಇನ್ನೊಂದು ಪ್ರಯೋಗ 2020ರಲ್ಲಿ ತೋರಿಸಿತು. ಲ್ಯಾಬಿನಿಂದ ಬರುವ ಲಿಪಿಡ್ ಪ್ರೊಫೈಲ್ ಚೀಟಿಯಲ್ಲಿ ಎಲ್‌ಡಿಎಲ್ 100ರ ಒಳಗಿದ್ದರೆ ನಾರ್ಮಲ್ ಎಂದು ಅಚ್ಚಾಗಿರುತ್ತದೆ. ಒಮ್ಮೆ ಲಕ್ವ ಹೊಡೆದವರಿಗೆ ಆ ನಾರ್ಮಲ್ ಸಾಲದು.

ಎರಡನೇ ಲಕ್ವವನ್ನು ತಡೆಯುವುದಕ್ಕೂ ಮರೆವಿಗೂ ಏನು ಸಂಬಂಧ? ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಆಕ್ಸ್‌ಫರ್ಡ್‌ನ ಸಂಶೋಧಕರು 2009ರಲ್ಲಿ ಲೆಕ್ಕ ಹಾಕಿದಾಗ, ಮೊದಲ ಲಕ್ವದ ನಂತರ ಹತ್ತು ಜನರಲ್ಲಿ ಸುಮಾರು ಒಬ್ಬರಿಗೆ ಹೊಸದಾಗಿ ಡಿಮೆನ್ಷಿಯಾ ಬಂದಿತ್ತು. ಲಕ್ವ ಮರುಕಳಿಸಿದವರಲ್ಲಿ ಮೂರರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಡಿಮೆನ್ಷಿಯಾ ಇತ್ತು. ಎರಡನೆಯದನ್ನು ತಡೆದರೆ ಬುದ್ಧಿಯನ್ನೂ ಅಷ್ಟರಮಟ್ಟಿಗೆ ಕಾಪಾಡಿದಂತೆ. ಸ್ಟಾಟಿನ್ ಪರವಾಗಿ ಹೇಳಬಹುದಾದ ಅತ್ಯಂತ ಗಟ್ಟಿ ಮಾತು ಇದು.

ಇದನ್ನೂ ಮೀರಿ, ಮಾತ್ರೆ ನೇರವಾಗಿಯೇ ಡಿಮೆನ್ಷಿಯಾ ತಡೆಯುತ್ತದೆಂಬ ಸಂಭ್ರಮ 2000ರಲ್ಲಿ ಎದ್ದಿತ್ತು. ಬ್ರಿಟನ್ನಿನ ವೈದ್ಯರ ದಾಖಲೆಗಳನ್ನು ನೋಡಿದ ಅಧ್ಯಯನವೊಂದು, ಸ್ಟಾಟಿನ್ ತೆಗೆದುಕೊಳ್ಳುವವರಲ್ಲಿ ಡಿಮೆನ್ಷಿಯಾ ಶೇ 70ರಷ್ಟು ಕಡಿಮೆ ಎಂದು ಹೇಳಿತು. ಹಲವು ವೀಕ್ಷಣಾ ಅಧ್ಯಯನಗಳು ಇಂದಿಗೂ ಅದೇ ದಿಕ್ಕಿಗೆ ಬೆರಳು ತೋರಿಸುತ್ತವೆ. ಆದರೆ ದಾಖಲೆ ನೋಡಿ ಹೇಳುವ ಮಾತಿನಲ್ಲಿ ಮೋಸಹೋಗುವ ಸಂದರ್ಭ ಬಹಳ. ನಿಯಮಿತವಾಗಿ ಮಾತ್ರೆ ನುಂಗುವವರು ಬಿಪಿಯನ್ನೂ ತೋರಿಸಿಕೊಳ್ಳುತ್ತಾರೆ, ಬೀಡಿಯನ್ನೂ ಬಿಟ್ಟಿರುತ್ತಾರೆ. ಬುದ್ಧಿ ಆಗಲೇ ಮಸುಕಾಗತೊಡಗಿದವರಿಗೆ ವೈದ್ಯರು ಹೊಸ ಮಾತ್ರೆ ಬರೆಯುವುದೇ ಕಡಿಮೆ. ಇದಕ್ಕಿಂತ ವಿಚಿತ್ರವೆಂದರೆ, ಡಿಮೆನ್ಷಿಯಾ ಕಾಣಿಸಿಕೊಳ್ಳುವ ಕೆಲವು ವರ್ಷಗಳ ಮುಂಚಿನಿಂದಲೇ ದೇಹದ ತೂಕದ ಜೊತೆ ಕೊಲೆಸ್ಟರಾಲ್ ಕೂಡ ತಾನಾಗಿ ಇಳಿಯುತ್ತದೆ. ಅಂಥವರಿಗೆ ಸ್ಟಾಟಿನ್ ಬೇಕೆಂದೇ ಯಾರಿಗೂ ತೋರುವುದಿಲ್ಲ. ಹೀಗೆ ಕಾಯಿಲೆ ಬರಲಿರುವವರು ಮಾತ್ರೆಯ ಗುಂಪಿನಿಂದ ಮೊದಲೇ ಹೊರಗುಳಿದರೆ, ಮಾತ್ರೆಯೇ ಕಾಪಾಡಿತೆಂಬಂತೆ ಲೆಕ್ಕ ಬರುತ್ತದೆ.

ಚೀಟಿ ಎತ್ತಿದಂತೆ ಜನರನ್ನು ಎರಡು ಗುಂಪಾಗಿ ಹಂಚಿ ನಡೆಸಿದ ದೊಡ್ಡ ಪ್ರಯೋಗಗಳು ಆ ಸಂಭ್ರಮಕ್ಕೆ ತಣ್ಣೀರೆರಚಿದವು. ಬ್ರಿಟನ್ನಿನ ಹಾರ್ಟ್ ಪ್ರೊಟೆಕ್ಷನ್ ಸ್ಟಡಿಯಲ್ಲಿ 20,536 ಜನರಿದ್ದರು, ಐದು ವರ್ಷ ಸಿಮ್ವಸ್ಟಾಟಿನ್. ಸ್ಕಾಟ್ಲೆಂಡ್, ಐರ್ಲೆಂಡ್ ಮತ್ತು ನೆದರ್ಲೆಂಡ್ಸ್‌ಗಳ ಪ್ರಾಸ್ಪರ್ ಪ್ರಯೋಗದಲ್ಲಿ 70ರಿಂದ 82ರ ವಯಸ್ಸಿನ 5,804 ಜನ, ಸುಮಾರು ಮೂರು ವರ್ಷ ಪ್ರವಸ್ಟಾಟಿನ್. ಎರಡೂ 2002ರಲ್ಲಿ ಪ್ರಕಟವಾದವು. ಎರಡರಲ್ಲೂ ಹೃದಯಕ್ಕೆ ಲಾಭವಾಯಿತು, ಬುದ್ಧಿಶಕ್ತಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಇವೆರಡನ್ನೂ ಸೇರಿಸಿ ನೋಡಿದ, ವೈದ್ಯಕೀಯ ಪ್ರಯೋಗಗಳನ್ನು ಒಟ್ಟಿಗೆ ತೂಗುವ ಕಾಕ್ರೇನ್ ಸಂಸ್ಥೆಯ ವಿಮರ್ಶೆ 2016ರಲ್ಲಿ, ರಕ್ತನಾಳದ ಕಾಯಿಲೆಯ ಅಪಾಯವಿರುವವರಿಗೆ ಇಳಿವಯಸ್ಸಿನಲ್ಲಿ ಕೊಡುವ ಸ್ಟಾಟಿನ್ ಡಿಮೆನ್ಷಿಯಾವನ್ನು ತಡೆಯುವುದಿಲ್ಲ ಎಂದು ತೀರ್ಮಾನಿಸಿತು. ಆಗಲೇ ಡಿಮೆನ್ಷಿಯಾ ಬಂದವರಿಗೆ ಚಿಕಿತ್ಸೆಯಾಗಿ ಕೊಟ್ಟ ನಾಲ್ಕು ಪ್ರಯೋಗಗಳನ್ನು ಕಾಕ್ರೇನ್ 2014ರಲ್ಲಿ ಪರಿಶೀಲಿಸಿತ್ತು. 1,154 ಜನ, ಎಲ್ಲರೂ ಆಲ್‌ಝೈಮರ್ಸ್‌ ಇದ್ದವರು ಅಥವಾ ಇರಬಹುದೆಂದು ಗುರುತಿಸಿದವರು. ಲಾಭ ಕಾಣಲಿಲ್ಲ. ರಕ್ತನಾಳ ಮೂಲದ ಡಿಮೆನ್ಷಿಯಾ ಇದ್ದವರ ಮೇಲೆ ಸ್ಟಾಟಿನ್ ಪರೀಕ್ಷಿಸಿದ ಒಂದೇ ಒಂದು ಪ್ರಯೋಗವೂ ಆ ವಿಮರ್ಶಕರಿಗೆ ಸಿಗಲಿಲ್ಲ. ಯಾವ ಕಾಯಿಲೆಗೆ ಈ ಮದ್ದು ಅತಿ ಹೆಚ್ಚು ಹೊಂದಬಹುದಿತ್ತೋ ಅದರಲ್ಲೇ ಅದನ್ನು ನೆಟ್ಟಗೆ ಒರೆಗೆ ಹಚ್ಚಿರಲಿಲ್ಲ.

ಲಕ್ವ ತಡೆಯುವ ಮಾತ್ರೆ ಡಿಮೆನ್ಷಿಯಾ ಏಕೆ ತಡೆಯಲಿಲ್ಲ ಎಂಬುದಕ್ಕೆ ಕಾಲದ ಲೆಕ್ಕ ಒಂದು ಉತ್ತರ. ಮೆದುಳಿನ ನಾಳಗಳು ಕೆಡತೊಡಗುವುದು ನಲವತ್ತರ ಆಸುಪಾಸಿನಲ್ಲಿ, ಫಲ ಕಾಣುವುದು ಎಪ್ಪತ್ತರಲ್ಲಿ. ಮೂರರಿಂದ ಐದು ವರ್ಷದ ಪ್ರಯೋಗ ಆ ದೀರ್ಘ ನಷ್ಟವನ್ನು ಅಳೆಯಲಾರದು. ಮೇಲಾಗಿ ಮೆದುಳು ತನಗೆ ಬೇಕಾದ ಕೊಲೆಸ್ಟರಾಲನ್ನು ತಾನೇ ತಯಾರಿಸಿಕೊಳ್ಳುತ್ತದೆ. ದೇಹದ ತೂಕದಲ್ಲಿ ಶೇ 2ರಷ್ಟಿರುವ ಅಂಗದಲ್ಲಿ ಒಟ್ಟು ಕೊಲೆಸ್ಟರಾಲ್‌ನ ಸುಮಾರು ಐದನೇ ಒಂದು ಪಾಲು ಇದೆ, ರಕ್ತದಲ್ಲಿರುವ ಎಲ್‌ಡಿಎಲ್ ಅಲ್ಲಿಗೆ ದಾಟುವುದಿಲ್ಲ. ಹಾಗಾಗಿ ರಕ್ತದ ಕೊಲೆಸ್ಟರಾಲ್ ಇಳಿಸಿದರೆ ಲಾಭವಾಗುವುದು ನಾಳಗಳಿಗೆ, ಅದೂ ಅವು ಕೆಡುವ ಮುಂಚೆ. 2024ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ಆಯೋಗ ಡಿಮೆನ್ಷಿಯಾದ ತಪ್ಪಿಸಬಹುದಾದ ಅಪಾಯಗಳನ್ನು ಹದಿನಾಲ್ಕಕ್ಕೆ ಏರಿಸಿದಾಗ ಹೊಸದಾಗಿ ಸೇರಿಸಿದ ಎರಡರಲ್ಲಿ ಒಂದು ನಡುವಯಸ್ಸಿನ ಅಧಿಕ ಎಲ್‌ಡಿಎಲ್. ನಡುವಯಸ್ಸಿನ ಎಂಬ ವಿಶೇಷಣವನ್ನು ಬಿಟ್ಟು ಓದುವಂತಿಲ್ಲ. ಆಸ್ಟ್ರೇಲಿಯಾದ ಸ್ಟಾರಿ ಪ್ರಯೋಗ 70 ದಾಟಿದವರಲ್ಲಿ, ಅಮೆರಿಕದ ಪ್ರಿವೆಂಟೆಬಲ್ 75 ದಾಟಿದವರಲ್ಲಿ ಅಟೊರ್ವಸ್ಟಾಟಿನ್ 40 ಮಿಲಿಗ್ರಾಂ ಕೊಟ್ಟು ಡಿಮೆನ್ಷಿಯಾವನ್ನು ಲೆಕ್ಕಹಾಕಲೆಂದೇ ರೂಪುಗೊಂಡವು. ಇವೂ ಬರದಂತೆ ತಡೆಯುವ ಪ್ರಯತ್ನಗಳೇ ಹೊರತು ಬಂದ ಕಾಯಿಲೆಯ ಚಿಕಿತ್ಸೆಯಲ್ಲ.

ಇದರ ವಿರುದ್ಧದ ದೂರೂ ಉಂಟು: ಕೊಲೆಸ್ಟರಾಲ್ ಮಾತ್ರೆಯಿಂದಲೇ ಮರೆವು ಬರುತ್ತದೆಯೆಂದು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುವ ಮಾತು. ಅದಕ್ಕೆ ಬೇರು ಇಲ್ಲದಿಲ್ಲ. ಅಪರೂಪಕ್ಕೆ ಕೆಲವರು ಮರೆವಿನ ದೂರು ಹೇಳಿದ್ದರಿಂದ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2012ರಲ್ಲಿ ಅದನ್ನು ಔಷಧದ ವಿವರಪತ್ರದಲ್ಲಿ ಸೇರಿಸಿತು. ಅದು ಗಂಭೀರವಲ್ಲ, ಮಾತ್ರೆ ನಿಲ್ಲಿಸಿದರೆ ಹೋಗುವಂಥದು ಎಂದೂ ಅದೇ ಸಂಸ್ಥೆ ಹೇಳಿತ್ತು. ಸ್ಟಾಟಿನ್ ಜೊತೆ ಒಂದು ಚುಚ್ಚುಮದ್ದನ್ನೂ ಕೊಟ್ಟು ಎಲ್‌ಡಿಎಲ್ ಅನ್ನು ಪಾತಾಳಕ್ಕಿಳಿಸಿದ ಎಬಿಂಗ್‌ಹೌಸ್ ಅಧ್ಯಯನದಲ್ಲೂ (2017) ಬುದ್ಧಿಶಕ್ತಿ ಕುಂದಲಿಲ್ಲ. ಮೈಕೈ ನೋವಿನ ದೂರು ಇದಕ್ಕಿಂತ ಸಾಮಾನ್ಯ. ಲಂಡನ್ನಿನ ಸ್ಯಾಮ್ಸನ್ ಪ್ರಯೋಗದಲ್ಲಿ, ಮಾತ್ರೆ ಒಗ್ಗದೆ ಬಿಟ್ಟವರಿಗೆ ಒಂದು ತಿಂಗಳು ಸ್ಟಾಟಿನ್, ಇನ್ನೊಂದು ತಿಂಗಳು ಹುಸಿಮಾತ್ರೆ ಎಂದು ಅದಲುಬದಲು ಮಾಡಿ ಕೊಟ್ಟಾಗ, ಅವರು ಹೇಳಿದ ತೊಂದರೆಗಳಲ್ಲಿ ಶೇ 90ರಷ್ಟು ಹುಸಿಮಾತ್ರೆಯಲ್ಲೂ ಇದ್ದವು. ನಿಜವಾದ ಅಡ್ಡಪರಿಣಾಮಗಳೂ ಇವೆ: ಶುಗರ್ ತುಸು ಏರುವುದು, ವಿರಳವಾಗಿ ಸ್ನಾಯು ಅಥವಾ ಯಕೃತ್ತಿಗೆ ತೊಂದರೆ. ಅದಕ್ಕೆ ರಕ್ತಪರೀಕ್ಷೆ ಇದೆ.

ಭಾರತದಲ್ಲಿ ಅರವತ್ತು ದಾಟಿದವರಲ್ಲಿ ಶೇ 7.4 ಜನರಿಗೆ, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ ಇದೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನ ಅಂದಾಜಿಸಿತು. ಪೇಟೆಗಿಂತ ಹಳ್ಳಿಗಳಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಕರ್ನಾಟಕದ ಹಳ್ಳಿಗರ ಮೆದುಳನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡುವ ಕೆಲಸ ನಡೆದಿರುವುದು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರ ಅಲ್ಲಿ 45 ದಾಟಿದ ಹತ್ತು ಸಾವಿರ ಜನರ ರಕ್ತ, ಎಂಆರ್‌ಐ, ನೆನಪು ಮತ್ತು ಜೀವನಕ್ರಮವನ್ನು ದಾಖಲಿಸುವ ಯೋಜನೆ ಹಾಕಿಕೊಂಡಿತು. ಓದುಬರಹ ಬಾರದವರ ಬುದ್ಧಿಶಕ್ತಿಯನ್ನು ಅಳೆಯುವುದೇ ಇಲ್ಲಿನ ದೊಡ್ಡ ಸವಾಲು. ಇಂಗ್ಲೆಂಡಿನ ಪ್ರಶ್ನಾವಳಿ ತಂದು ಚಿತ್ರ ಬರೆಸಿ, ವಾಕ್ಯ ಬರೆಸಿ ಅಂಕ ಕೊಟ್ಟರೆ ಶಾಲೆಯ ಮುಖ ನೋಡದ ಆರೋಗ್ಯವಂತ ಅಜ್ಜಿಯೂ ನಪಾಸು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಸಿದ್ಧಪಡಿಸಿದ ಪರೀಕ್ಷೆಗಳ ಗುಚ್ಛ ಈಗ ಕನ್ನಡದಲ್ಲೂ ಇದೆ. 2022ರಲ್ಲಿ ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ ಕೂಡಿ ಆರಂಭಿಸಿದ ಕರ್ನಾಟಕ ಮೆದುಳು ಆರೋಗ್ಯ ಕಾರ್ಯಕ್ರಮ ಜಯನಗರ, ಕೋಲಾರ ಮತ್ತು ಚಿಕ್ಕಬಳ್ಳಾಪುರದ ಆಸ್ಪತ್ರೆಗಳಲ್ಲಿ ಮೊದಲು ನಡೆದು, ನಂತರ ಉಳಿದ ಜಿಲ್ಲೆಗಳಿಗೂ ಹರಡಿತು.

ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳಿಗೆ ಈ ವಿಜ್ಞಾನ ಹೇಗೆ ಅನ್ವಯಿಸುತ್ತದೆ? ನೀರಾವರಿಯ ಅಡಿಕೆ ಮತ್ತು ಭತ್ತದ ಸೀಮೆ ಒಂದು ಕಡೆ, ಮಳೆ ನಂಬಿದ ಜಗಳೂರಿನ ಮೆಕ್ಕೆಜೋಳದ ಹೊಲ ಇನ್ನೊಂದು ಕಡೆ. ಎಲೆಅಡಿಕೆಯ ಜೊತೆ ತಂಬಾಕು, ಬೀಡಿ, ಗುಟ್ಕಾ ಎರಡೂ ಕಡೆ ಇವೆ. ಭಾರತೀಯರಲ್ಲಿ ಎದ್ದು ಕಾಣುವ ಕೊಬ್ಬಿನ ದೋಷವೆಂದರೆ ಒಳ್ಳೆಯ ಕೊಲೆಸ್ಟರಾಲ್ ಎನ್ನುವ ಎಚ್‌ಡಿಎಲ್ ಕಡಿಮೆ ಇರುವುದು, ಟ್ರೈಗ್ಲಿಸರೈಡ್ ಹೆಚ್ಚಿರುವುದು. ಸ್ಟಾಟಿನ್ ಇವೆರಡನ್ನು ಅಷ್ಟಾಗಿ ಸರಿಪಡಿಸುವುದಿಲ್ಲ. 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯೊಂದು ವಯಸ್ಕರಲ್ಲಿ ಶೇ 35.5 ಜನರಿಗೆ ಬಿಪಿ ಇದೆ ಎಂದಿತು, ಅಧಿಕ ಎಲ್‌ಡಿಎಲ್ ಇದ್ದದ್ದು ಶೇ 20.9 ಜನರಿಗೆ. ಸಣ್ಣ ನಾಳಗಳನ್ನು ಹಾಳುಗೆಡಹುವುದು ಬಿಪಿಯೇ ಎಂಬುದನ್ನು ಇದರ ಜೊತೆಗಿಟ್ಟು ನೋಡಿದರೆ, ಈ ತಾಲ್ಲೂಕುಗಳಲ್ಲಿ ಮರೆವಿನ ವಿರುದ್ಧ ಮೊದಲು ಹಿಡಿಯಬೇಕಾದ ಸಾಧನ ಕೊಲೆಸ್ಟರಾಲ್ ಮಾತ್ರೆಯಲ್ಲ, ತೋಳಿಗೆ ಸುತ್ತುವ ಬಿಪಿ ಪಟ್ಟಿ.

ಚೀನಾದ ಹಳ್ಳಿಗಳಿಂದ ಇದಕ್ಕೆ ಬಲವಾದ ಸಾಕ್ಷ್ಯ ಬಂದಿದೆ. ಅಲ್ಲಿ 326 ಹಳ್ಳಿಗಳ, ಬಿಪಿ ಇದ್ದ 33,995 ಜನರ ಮೇಲೆ ನಾಲ್ಕು ವರ್ಷ ನಡೆದ ಪ್ರಯೋಗದಲ್ಲಿ, ದೊಡ್ಡ ಡಿಗ್ರಿಗಳಿಲ್ಲದ ಹಳ್ಳಿವೈದ್ಯರೇ ಮನೆಮನೆಯ ಬಿಪಿಯನ್ನು 130/80ರ ಕೆಳಗೆ ತಂದರು. ಡಿಮೆನ್ಷಿಯಾ ಶೇ 15ರಷ್ಟು ಕಡಿಮೆಯಾಯಿತೆಂದು 2025ರಲ್ಲಿ ವರದಿಯಾಯಿತು. ಯಾವ ಸ್ಟಾಟಿನ್ ಪ್ರಯೋಗವೂ ಇಂಥ ಫಲ ತೋರಿಸಿಲ್ಲ. ಕರ್ನಾಟಕದಲ್ಲಿ 2024ರಲ್ಲಿ ಕೋಲಾರದಿಂದ ಶುರುವಾಗಿ ಮರುವರ್ಷ ರಾಜ್ಯಕ್ಕೆ ಹರಡಿದ ಗೃಹ ಆರೋಗ್ಯ ಯೋಜನೆಯಲ್ಲಿ ಮೂವತ್ತು ದಾಟಿದವರ ಬಿಪಿ, ಶುಗರ್ ಅನ್ನು ಮನೆಬಾಗಿಲಲ್ಲೇ ನೋಡುವ ಏರ್ಪಾಡಿದೆ. ಹೃದಯಕ್ಕೆಂದು ಮಾಡುವ ಈ ತಪಾಸಣೆ ಮೆದುಳಿಗೂ ಸಲ್ಲುತ್ತದೆ ಎಂದು ಹೇಳುವವರು ಕಡಿಮೆ.

ಲಕ್ವ ಹೊಡೆದ ಮನೆಯಲ್ಲಿ ಮಾತ್ರ ಸ್ಟಾಟಿನ್ ಪಟ್ಟಿಯ ಮೇಲುಗಡೆ ಬರುತ್ತದೆ. ಹೊನ್ನಾಳಿ, ನ್ಯಾಮತಿಯವರು ಶಿವಮೊಗ್ಗಕ್ಕೋ ದಾವಣಗೆರೆಗೋ ಹೋಗಿ, ಜಗಳೂರಿನವರು ದಾವಣಗೆರೆಗೋ ಚಿತ್ರದುರ್ಗಕ್ಕೋ ಹೋಗಿ ಚಿಕಿತ್ಸೆ ಪಡೆದು ಬಂದ ಮೇಲೆ ಸಾಮಾನ್ಯವಾಗಿ ಆಗುವುದಿಷ್ಟು: ತಿಂಗಳ ಮಾತ್ರೆ ಮುಗಿಯುತ್ತದೆ, ಕೈಕಾಲು ಆಡತೊಡಗುತ್ತದೆ, ಗುಣವಾಯಿತಲ್ಲ ಎಂದು ಚೀಟಿ ಮೂಲೆ ಸೇರುತ್ತದೆ. ಆ ಚೀಟಿಯಲ್ಲಿ ರಕ್ತ ತೆಳುಮಾಡುವ ಮಾತ್ರೆ, ಬಿಪಿ ಮಾತ್ರೆ ಮತ್ತು ರಾತ್ರಿ ಹೊತ್ತಿನ ಅಟೊರ್ವಸ್ಟಾಟಿನ್ ಮೂರೂ ಇರುತ್ತವೆ. ಮೂರೂ ಎರಡನೇ ಲಕ್ವ ತಡೆಯಲೆಂದೇ ಇರುವಂಥವು. ಅಟೊರ್ವಸ್ಟಾಟಿನ್ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ, ಜನೌಷಧಿ ಕೇಂದ್ರಗಳಲ್ಲಿ ಅಗ್ಗವಾಗಿ ಸಿಗುತ್ತದೆ. ಡಿಮೆನ್ಷಿಯಾ ಆಗಲೇ ಬಂದಿದ್ದರೂ, ಕಟ್ಟಿದ ನಾಳ ಕಾರಣವಾಗಿದ್ದರೆ ವೈದ್ಯರು ಇದನ್ನು ಮುಂದುವರಿಸುವುದು ಇನ್ನೊಂದು ಮೆಟ್ಟಿಲು ಇಳಿಯದಿರಲಿ ಎಂದು. ಹೋದ ನೆನಪು ಇದರಿಂದ ಮರಳುವುದಿಲ್ಲ. ಅಂಥ ಭರವಸೆ ಕೊಟ್ಟು ದುಬಾರಿ ಮಾತ್ರೆ ಮಾರುವವರನ್ನು ನಂಬಬೇಕಾಗಿಲ್ಲ. ಲಕ್ವವಾಗಿ ಮನೆಗೆ ಬಂದ ಹಿರಿಯರಿದ್ದರೆ ಅವರ ಹಳೆಯ ಚೀಟಿ ತೆಗೆದು ನೋಡಿ, ನಿಂತ ಮಾತ್ರೆ ಯಾವುದೆಂದು ವೈದ್ಯರಿಗೆ ತೋರಿಸಿ. ಹಾಗೆಯೇ ಮನೆಯಲ್ಲಿ ನಲವತ್ತು ದಾಟಿದವರೆಲ್ಲರ ಬಿಪಿಯನ್ನೂ ಈ ತಿಂಗಳೇ ಅಳೆಸಿ.